ಪರೀಕ್ಷೆ ಇಲ್ಲದ ಶಾಲೆ

(ಕಲಿಕಾ ಕೇಂದ್ರದಲ್ಲಿ ಮಾಡಿದ ಭಾಷಣ)

ಮೊನ್ನೆ ನಮ್ಮ ಕೇಂದ್ರದಲ್ಲಿ ಒಬ್ಬ ಹಿರಿಯರು ನನ್ನನ್ನು ಕೇಳಿದರು. "ಮೇಷ್ಟ್ರೇ, ನನಗೆ ಐವತ್ತು ದಾಟಿತು. ಇನ್ನು ಪರೀಕ್ಷೆ ಬರೆಯೋದಿಲ್ಲ. ನೌಕರಿಗೂ ಹೋಗೋದಿಲ್ಲ. ಮತ್ತೆ ಈ ಓದು ಯಾಕೆ?"

ಆಗ ನನಗೆ ಉತ್ತರ ಹೊಳೆಯಲಿಲ್ಲ. ಇವತ್ತು ಒಂದು ಶಾಲೆಯ ಕಥೆ ಹೇಳ್ತೀನಿ. ಅದೇ ನನ್ನ ಉತ್ತರ.

ಯೂರೋಪಿನಲ್ಲಿ ಡೆನ್ಮಾರ್ಕ್ ಎಂಬ ದೇಶ ಇದೆ. ನಮ್ಮ ಕರ್ನಾಟಕಕ್ಕಿಂತ ಬಹಳ ಚಿಕ್ಕದು. ಅಲ್ಲಿ ರೋಡಿಂಗ್ ಎಂಬ ಸಣ್ಣ ಊರು. ಆ ಸೀಮೆಯ ರೈತರು ಮನೆಯಲ್ಲಿ ಡ್ಯಾನಿಷ್ ಭಾಷೆ ಮಾತಾಡುತ್ತಿದ್ದರು. ಆದರೆ ದೊಡ್ಡ ಓದಿಗೆ ಜರ್ಮನ್ ಭಾಷೆ ಬೇಕಿತ್ತು. ದೊಡ್ಡವರ ಸಭೆಯಲ್ಲೂ ಜರ್ಮನ್ ಭಾಷೆಯೇ ನಡೆಯುತ್ತಿತ್ತು. 1842ರಲ್ಲಿ ಲೊರೆಂಟ್ಸೆನ್ ಎಂಬ ವರ್ತಕರು ಆ ಸಭೆಯಲ್ಲಿ ಡ್ಯಾನಿಷ್ ಭಾಷೆಯಲ್ಲೇ ಮಾತಾಡಿದರು. ದೊಡ್ಡ ಗದ್ದಲ ಆಯಿತು. ಆದರೂ ಅವರು ಬಿಡಲಿಲ್ಲ.

ಅದೇ ಕಾಲದಲ್ಲಿ ಗ್ರುಂಟ್ವಿಗ್ ಎಂಬ ಪಾದ್ರಿ ಇದ್ದರು. ಕವಿಯೂ ಹೌದು. ರೈತರಿಗೂ ಒಂದು ದೊಡ್ಡ ಶಾಲೆ ಬೇಕು ಅಂತ ಅವರು ಹೇಳುತ್ತಿದ್ದರು. ಅದು ಬದುಕಿಗೆ ಬೇಕಾದ ಶಾಲೆ ಆಗಬೇಕು. ತಾಯ್ನುಡಿಯಲ್ಲೇ ನಡೆಯಬೇಕು. ಬಾಯಿಪಾಠ ಬೇಡ, ಮಾತುಕತೆ ಬೇಕು. ಇದು ಅವರ ವಿಚಾರ.

ಫ್ಲೋರ್ ಎಂಬ ಪ್ರಾಧ್ಯಾಪಕರು ಮುಂದೆ ನಿಂತರು. 1844ನೇ ಇಸವಿ ನವೆಂಬರ್ 7ರಂದು ರೋಡಿಂಗ್‌ನಲ್ಲಿ ಶಾಲೆ ಶುರುವಾಯಿತು. ಅದೇ ಮೊದಲ ಜನತಾ ಪ್ರೌಢಶಾಲೆ. ಅಲ್ಲಿಗೆ ಬಂದವರು ಚಿಕ್ಕ ಮಕ್ಕಳಲ್ಲ, ಬೆಳೆದ ರೈತ ಯುವಕರು. ಇಂಥ ಶಾಲೆಗಳಲ್ಲಿ ಗಂಡಸರಿಗೆ ಪಾಠ ಚಳಿಗಾಲದಲ್ಲಿ. ಯಾಕೆಂದರೆ ಆಗ ಹೊಲದ ಕೆಲಸ ಕಡಿಮೆ. ಭಾಷೆ, ಚರಿತ್ರೆ, ಲೆಕ್ಕ, ಬೇಸಾಯ, ಹಾಡು ಎಲ್ಲ ಕಲಿಸುತ್ತಿದ್ದರು. ಮುಂದೆ ಹೆಂಗಸರಿಗೂ ಪಾಠ ಶುರುವಾಯಿತು. ಮೇಷ್ಟ್ರು, ಕಲಿಯುವವರು ಒಂದೇ ಕಡೆ ಇದ್ದು ಉಣ್ಣುತ್ತಿದ್ದರು. ಪರೀಕ್ಷೆ ಮಾತ್ರ ಇರಲಿಲ್ಲ.

ಆ ಶಾಲೆಗೆ ಕಷ್ಟವೂ ಬಂತು. 1864ರಲ್ಲಿ ಯುದ್ಧ ಆಯಿತು. ಡೆನ್ಮಾರ್ಕ್ ಸೋತಿತು. ರೋಡಿಂಗ್ ಪರರ ಆಳ್ವಿಕೆಗೆ ಹೋಯಿತು. ಆದರೆ ಮೇಷ್ಟ್ರುಗಳು ಕೈಕಟ್ಟಿ ಕೂರಲಿಲ್ಲ. 1865ರಲ್ಲಿ ಗಡಿಯ ಈಚೆ ಆಸ್ಕೋವ್ ಎಂಬ ಹಳ್ಳಿಯಲ್ಲಿ ಶಾಲೆ ಮುಂದುವರಿಸಿದರು. ಆ ಆಸ್ಕೋವ್‌ನಲ್ಲಿ ಲಾ ಕೂರ್ ಎಂಬ ಮೇಷ್ಟ್ರು 1891ರಲ್ಲಿ ಗಾಳಿಯಂತ್ರ ಕಟ್ಟಿದರು. ಗಾಳಿಯಿಂದ ಕರೆಂಟು ಮಾಡಿ ತೋರಿಸಿದರು. ಹಳ್ಳಿಯ ಹುಡುಗರಿಗೆ ಕರೆಂಟಿನ ಕೆಲಸವನ್ನೂ ಕಲಿಸಿದರು.

ನಮಗೆಲ್ಲ ಹಾಲಿನ ಡೇರಿ ಗೊತ್ತು. ಡೆನ್ಮಾರ್ಕಿನಲ್ಲಿ ರೈತರೇ ಸೇರಿ ಮೊದಲ ಸಹಕಾರಿ ಡೇರಿ ಕಟ್ಟಿದ್ದು 1882ರಲ್ಲಿ. ಮುಂದೆ ಊರೂರಿಗೆ ಡೇರಿ ಬಂತು. ಅವುಗಳನ್ನು ನಡೆಸಿದ ಎಷ್ಟೋ ರೈತರು ಇಂಥ ಶಾಲೆಗಳಲ್ಲಿ ಕಲಿತವರು. ಅವರ ಕೈಯಲ್ಲಿ ಸರ್ಟಿಫಿಕೇಟು ಇರಲಿಲ್ಲ. ಆದರೆ ಸಭೆಯಲ್ಲಿ ಎದ್ದು ಮಾತಾಡುವ, ಲೆಕ್ಕ ಕೇಳುವ ಧೈರ್ಯ ಇತ್ತು.

1920ರಲ್ಲಿ ಜನ ಮತ ಹಾಕಿದರು. ರೋಡಿಂಗ್ ಮತ್ತೆ ಡೆನ್ಮಾರ್ಕಿಗೆ ಸೇರಿತು. ಅಲ್ಲಿ ಶಾಲೆ ಮತ್ತೆ ಬಾಗಿಲು ತೆರೆಯಿತು. ಇವತ್ತಿಗೂ ನಡೆಯುತ್ತಿದೆ. ಆ ದೇಶದಲ್ಲಿ ಈಗ ಇಂಥ ಶಾಲೆಗಳು 70ಕ್ಕೂ ಹೆಚ್ಚು. ಹಾಡು, ನಾಟಕ, ಬರವಣಿಗೆ, ಕೈಕಸುಬು ಕಲಿಸುತ್ತಾರೆ. ಈಗಲೂ ಪರೀಕ್ಷೆ ಇಲ್ಲ! ನಮ್ಮ ನಾಡಿನಲ್ಲೂ ವಯಸ್ಕರ ಶಿಕ್ಷಣ ಸಮಿತಿಯವರು ಇದೇ ಮಾದರಿಯಲ್ಲಿ ಹಳ್ಳಿಯ ಯುವಕರಿಗೆ ವಿದ್ಯಾಪೀಠಗಳನ್ನು ನಡೆಸಿದರು.

ಈಗ ನಮ್ಮ ಹಿರಿಯರ ಪ್ರಶ್ನೆಗೆ ಬರೋಣ. ಅವರು ಹಿಂದೆ ಒಂದು ಸಾಲದ ಪತ್ರಕ್ಕೆ ಹೆಬ್ಬೆಟ್ಟು ಒತ್ತಿದ್ದರು. ಅದರಲ್ಲಿ ಎಷ್ಟು ಬರೆದಿದೆ ಅಂತ ಅವರಿಗೆ ಗೊತ್ತಿರಲಿಲ್ಲ. ಪಡೆದದ್ದು ಒಂದು, ತೀರಿಸಿದ್ದು ಎರಡು. ಈ ಮಾತು ಅವರೇ ನನಗೆ ಹೇಳಿದ್ದು.

ಅಣ್ಣಾ, ಓದು ಪರೀಕ್ಷೆಗಲ್ಲ. ಪತ್ರ ಓದಿ ಆಮೇಲೆ ರುಜು ಹಾಕೋದಕ್ಕೆ. ಡೇರಿಯ ಚೀಟಿ ನೋಡಿ ಲೆಕ್ಕ ಹಾಕೋದಕ್ಕೆ. ಗ್ರಾಮಸಭೆಯಲ್ಲಿ ಎದ್ದು ನಿಂತು, ನಮ್ಮ ಮಾತಿನಲ್ಲೇ, "ಈ ಹಣ ಎಲ್ಲಿ ಖರ್ಚಾಯಿತು?" ಅಂತ ಕೇಳೋದಕ್ಕೆ.

ಮುಂದಿನ ಗ್ರಾಮಸಭೆಯ ನೋಟೀಸನ್ನು ನಾನು ಓದೋದಿಲ್ಲ. ನೀವೇ ಓದಿ ಹೇಳಬೇಕು. ತಡವರಿಸಿದರೂ ಪರವಾಗಿಲ್ಲ. ನಾವೆಲ್ಲ ಕಾಯ್ತೀವಿ.