ಮಕ್ಕಳ ತಪ್ಪಿಗೆ ಪ್ರಾಯಶ್ಚಿತ್ತದ ದಾರಿ

ಹದಿಹರೆಯದವರು ಅಪರಾಧದಲ್ಲಿ ಸಿಲುಕಿದ ಸುದ್ದಿ ಬಂದಾಗಲೆಲ್ಲ ಎರಡು ಬೇಡಿಕೆಗಳು ಏಳುತ್ತವೆ: ರಾತ್ರಿ ಮಕ್ಕಳನ್ನು ಬೀದಿಗೆ ಬಿಡದ ಕಾನೂನು ಬೇಕು, ತಪ್ಪಿದವರಿಗೆ ದೊಡ್ಡವರಂತೆಯೇ ಜೈಲಾಗಬೇಕು.

ಮೊದಲನೆಯದನ್ನು ಅಮೆರಿಕ ದಶಕಗಳ ಕಾಲ ಪ್ರಯೋಗಿಸಿ ನೋಡಿದೆ. ಟೆಕ್ಸಾಸ್ ರಾಜ್ಯದ ಹಲವು ನಗರಗಳಲ್ಲಿ, ನಿಗದಿತ ವೇಳೆಯ ನಂತರ ಹೊರಗೆ ಕಂಡ ಹುಡುಗನಿಗೆ, ಅವನು ಬೇರೇನೂ ಮಾಡಿರದಿದ್ದರೂ, 500 ಡಾಲರ್‌ವರೆಗೆ ದಂಡ ವಿಧಿಸಬಹುದಿತ್ತು. ಇಂಥ ನಿರ್ಬಂಧಗಳ ಕುರಿತ 12 ಅಧ್ಯಯನಗಳನ್ನು ಪರಿಶೀಲಿಸಿ 2016ರಲ್ಲಿ ಪ್ರಕಟವಾದ ಕ್ಯಾಂಪ್‌ಬೆಲ್ ಸಮೀಕ್ಷೆಗೆ, ಅಪರಾಧ ತಗ್ಗಿದ ಪುರಾವೆ ಸಿಗಲಿಲ್ಲ. ಆಸ್ಟಿನ್ ನಗರ 2017ರಲ್ಲಿ ನಿರ್ಬಂಧವನ್ನು ಕೈಬಿಟ್ಟಿತು. 2023ರಲ್ಲಿ ರಾಜ್ಯದ ಶಾಸನಸಭೆಯೇ ನಗರಗಳಿಂದ ಆ ಅಧಿಕಾರವನ್ನು ಹಿಂತೆಗೆದುಕೊಂಡಿತು.

ವೇಳೆಯ ನಿಯಮ ಜೈನರಿಗೆ ಹೊಸತಲ್ಲ. ಆದರೆ ರಾತ್ರಿಭೋಜನ ತ್ಯಾಗವು ಶ್ರಾವಕನು ತಾನೇ ಕೈಗೊಳ್ಳುವ ವ್ರತ. ಅದರ ಬಲವಿರುವುದು ಅವನ ಸಂಕಲ್ಪದಲ್ಲಿ. ಪೊಲೀಸರು ಕಾಯುವ ವೇಳೆಗೆ ಆ ಬಲ ಬರಲಾರದು.

ಎರಡನೆಯ ಬೇಡಿಕೆಗೆ ಭಾರತದ ಕಾನೂನಿನಲ್ಲೇ ಉತ್ತರವಿದೆ. ಹದಿನಾರು ತುಂಬಿದವರ ಘೋರ ಅಪರಾಧವನ್ನು ವಯಸ್ಕರ ವಿಚಾರಣೆಗೆ ಒಪ್ಪಿಸಲು 2015ರ ಬಾಲ ನ್ಯಾಯ ಕಾಯ್ದೆ ಅವಕಾಶವಿತ್ತಿದೆ. ಉಳಿದ ಪ್ರಕರಣಗಳಲ್ಲಿ 18ನೆಯ ಕಲಮಿನಂತೆ ಬುದ್ಧಿವಾದ, ಆಪ್ತಸಮಾಲೋಚನೆ, ಸಮುದಾಯ ಸೇವೆ, ದಂಡ, ಸನ್ನಡತೆಯ ಮೇಲೆ ಬಿಡುಗಡೆ, ಕೊನೆಗೆ ಗರಿಷ್ಠ ಮೂರು ವರ್ಷ ವಿಶೇಷ ಗೃಹದ ವಾಸ ಎಂಬ ಮೆಟ್ಟಿಲುಗಳಿವೆ.

ತತ್ತ್ವಾರ್ಥಸೂತ್ರವೂ ಒಂಬತ್ತು ಬಗೆಯ ಪ್ರಾಯಶ್ಚಿತ್ತಗಳನ್ನು ಹೇಳುತ್ತದೆ. ಮೊದಲನೆಯದು ಆಲೋಚನಾ, ಅಂದರೆ ಗುರುವಿನ ಮುಂದೆ ತಪ್ಪನ್ನು ಮುಚ್ಚಿಡದೆ ಹೇಳುವುದು. ಕೊನೆಯದು ಉಪಸ್ಥಾಪನಾ, ಅಂದರೆ ಮರಳಿ ದೀಕ್ಷೆಯಲ್ಲಿ ನಿಲ್ಲಿಸುವುದು. ಶಿಕ್ಷೆಯ ತುದಿಯಲ್ಲೂ ಮರಳುವ ಬಾಗಿಲು ತೆರೆದಿದೆ.

ಆದರೆ ಇದು ಸಡಿಲಿಕೆಯ ಮಾತಲ್ಲ. ನೊಂದ ಕುಟುಂಬಕ್ಕೆ ಉತ್ತರ ಸಲ್ಲಲೇಬೇಕು. ಇಲ್ಲಿ ಅನುಕೂಲಸ್ಥ ಮನೆಗಳು ಎಚ್ಚರವಹಿಸಬೇಕು. ದಂಡವನ್ನು ಹೆತ್ತವರೂ ಕಟ್ಟಬಹುದೆಂದು ಕಾಯ್ದೆ ಹೇಳುತ್ತದೆ. ತಂದೆ ಕಟ್ಟಿದ ಹಣ ತಂದೆಯ ಖರ್ಚಿಗೆ ಬೀಳುತ್ತದೆ. ಮಗನ ಲೆಕ್ಕದಲ್ಲಿ ಬಾಕಿ ಹಾಗೆಯೇ ಉಳಿಯುತ್ತದೆ. ವಕೀಲರ ಜಾಣ್ಮೆಯಿಂದ ಸತ್ಯವನ್ನು ಮರೆಮಾಡುವ ಮನೆಯಲ್ಲಿ ಆಲೋಚನೆಯ ಮೊದಲ ಮೆಟ್ಟಿಲೇ ಮುರಿದಿರುತ್ತದೆ.

ಸಮುದಾಯ ಸೇವೆಯನ್ನು ಬಾಲ ನ್ಯಾಯ ಮಂಡಳಿ ಗುರುತಿಸಿದ ಸಂಸ್ಥೆಯ ಮೇಲ್ವಿಚಾರಣೆಯಲ್ಲಿ ನಡೆಸಬಹುದು. ಮುಂಬೈ, ಪುಣೆ, ಚೆನ್ನೈಗಳಲ್ಲಿ ಜೈನರು ನಡೆಸುವ ಆಸ್ಪತ್ರೆ, ಪಿಂಜರಾಪೋಳ, ವಿದ್ಯಾರ್ಥಿನಿಲಯಗಳು ಈ ಹೊಣೆಗೆ ಮುಂದೆ ಬರಲಿ. ಯಾವ ಜಾತಿಯ, ಯಾವ ಕೇರಿಯ ಹುಡುಗನೇ ಬಂದರೂ ಅವನಿಗೆ ಕೆಲಸ ಕೊಟ್ಟು, ಹಾಜರಿ ಬರೆದು, ಪಕ್ಕದಲ್ಲಿ ನಿಲ್ಲುವ ಒಬ್ಬ ಹಿರಿಯರನ್ನು ಒದಗಿಸಲಿ. ಪರ್ಯೂಷಣದ ಕೊನೆಗೆ ಕೋರುವ ಕ್ಷಮೆಗೆ ವರ್ಷವಿಡೀ ಬೇಕಾದ ಕೆಲಸ ಇದು.