ಶಸ್ತ್ರವೈದ್ಯರ ಕೈಗೆ ಬಂದ ಲೇಖನಿ
(ದೇವಾಲಯದ ಶತಮಾನೋತ್ಸವದ ಸಾಹಿತ್ಯ ಗೋಷ್ಠಿಯಲ್ಲಿ ಧರ್ಮಕೇಂದ್ರದ ಗುರುಗಳು ಮಾಡಿದ ಭಾಷಣ)



ಧರ್ಮಗುರುವೊಬ್ಬನು ಇಂತಹ ಪುಣ್ಯ ಸಂದರ್ಭದಲ್ಲಿ ಕೊಲೆಯ ಕಥೆಗಳನ್ನು ಕುರಿತು ಮಾತನಾಡಲು ನಿಂತರೆ ನಿಮಗೆ ಸೋಜಿಗವಾದೀತು. ಕಾರಣವನ್ನು ಮೊದಲೇ ಅರಿಕೆ ಮಾಡಿಬಿಡುತ್ತೇನೆ. ದಾವಣಗೆರೆಯಲ್ಲಿ ಬಹುಕಾಲ ಶಸ್ತ್ರಚಿಕಿತ್ಸಕರಾಗಿದ್ದು ನಿವೃತ್ತರಾಗಿರುವ ನನ್ನ ಮಿತ್ರರೊಬ್ಬರು ಕಳೆದ ಮಳೆಗಾಲದಲ್ಲಿ ದಪ್ಪನೆಯ ಹಸ್ತಪ್ರತಿಯೊಂದನ್ನು ಹಿಡಿದು ಗುರುನಿವಾಸಕ್ಕೆ ಬಂದರು. ಅದು ಅವರ ಮೊತ್ತಮೊದಲ ಕಾದಂಬರಿ. ಅದೂ ಪತ್ತೇದಾರಿ ಕಾದಂಬರಿ. "ಫಾದರ್, ಜೀವ ಉಳಿಸುವುದರಲ್ಲೇ ಆಯುಷ್ಯ ಕಳೆದವನು ಮುಪ್ಪಿನಲ್ಲಿ ಕೊಲೆ ಮಾಡಿಸುತ್ತಾ ಕುಳಿತಿದ್ದೇನೆ. ಇದು ಸರಿಯೇ?" ಎಂದರು. ನಗುತ್ತಲೇ ಕೇಳಿದರು. ಆದರೆ ಕಣ್ಣುಗಳು ನಗುತ್ತಿರಲಿಲ್ಲ.

ನಾನು ಅವರಿಗೆ ಸಂತ ಲೂಕರನ್ನು ನೆನಪಿಸಿದೆ. ವೈದ್ಯರೆಂದು ಸಂತ ಪೌಲರ ಪತ್ರದಲ್ಲಿ ಕರೆಸಿಕೊಂಡ ಲೂಕರು ಒಂದು ಶುಭಸಂದೇಶವನ್ನೂ ಪ್ರೇಷಿತರ ಕಾರ್ಯಕಲಾಪಗಳನ್ನೂ ಬರೆದರೆಂಬುದು ಸಭೆಯ ಪರಂಪರೆ. 276 ಮಂದಿಯನ್ನು ಹೊತ್ತ ಹಡಗು ಬಿರುಗಾಳಿಗೆ ಸಿಕ್ಕಿ ಒಡೆದ ಪ್ರಸಂಗವನ್ನು ಅವರು ಬಣ್ಣಿಸಿರುವ ಬಗೆಯನ್ನು ಓದಿದವರು, ಓದುಗನ ಉಸಿರು ಬಿಗಿಹಿಡಿಸುವ ಕಲೆ ಅವರಿಗೆ ತಿಳಿದಿರಲಿಲ್ಲವೆಂದು ಹೇಳಲಾರರು. ಒಂದು ತಮಾಷೆಯ ಸಂಗತಿಯೂ ಉಂಟು. ರಕ್ತಸ್ರಾವದಿಂದ ಬಳಲುತ್ತಿದ್ದ ಹೆಂಗಸು ಅನೇಕ ವೈದ್ಯರ ಕೈಯಲ್ಲಿ ನರಳಿ, ಹಣವನ್ನೆಲ್ಲ ಕಳೆದುಕೊಂಡು, ಇನ್ನಷ್ಟು ಕೆಟ್ಟಳೆಂದು ಸಂತ ಮಾರ್ಕರು ನಿರ್ದಾಕ್ಷಿಣ್ಯವಾಗಿ ಬರೆಯುತ್ತಾರೆ. ಲೂಕರಾದರೋ ಯಾರಿಂದಲೂ ಅವಳಿಗೆ ಗುಣವಾಗಲಿಲ್ಲವೆಂದಷ್ಟೇ ಸೂಚಿಸುತ್ತಾರೆ, ಅವಳು ಇನ್ನಷ್ಟು ಕೆಟ್ಟಳೆಂಬ ಮಾತನ್ನೇ ಎತ್ತುವುದಿಲ್ಲ. ವೃತ್ತಿಬಾಂಧವರ ಮೇಲಿನ ಮರ್ಯಾದೆ! ಇದನ್ನು ಕೇಳಿ ವೈದ್ಯಮಿತ್ರರು ಮನಬಿಚ್ಚಿ ನಕ್ಕರು.

ಮುಖ್ಯವಾದುದು ಬೇರೆ. ದಯಾಳು ಸಮಾರಿತನ ಕಥೆ ನಾಲ್ಕು ಶುಭಸಂದೇಶಗಳ ಪೈಕಿ ಲೂಕರದರಲ್ಲಿ ಮಾತ್ರ ಇದೆ. ಜೆರುಸಲೇಮಿನಿಂದ ಜೆರಿಕೋವಿಗೆ ಇಳಿಯುವ ದಾರಿಯಲ್ಲಿ ಕಳ್ಳರು ಒಬ್ಬನನ್ನು ಬಡಿದು ಅರೆಜೀವ ಮಾಡಿ ಹೋದರು. ಪತ್ತೇದಾರಿ ಕಥೆ ಆರಂಭವಾಗಬೇಕಾದದ್ದು ಇಲ್ಲಿಯೇ. ಆದರೆ ಕಳ್ಳರು ಯಾರು, ಸಿಕ್ಕಿಬಿದ್ದರೇ ಎಂಬುದರ ಸುಳಿವೇ ಇಲ್ಲ. ಎಣ್ಣೆಯನ್ನೂ ದ್ರಾಕ್ಷಾರಸವನ್ನೂ ಹಾಕಿ ಗಾಯಗಳನ್ನು ಕಟ್ಟಿದ್ದು, ಛತ್ರದವನಿಗೆ ಎರಡು ನಾಣ್ಯ ಕೊಟ್ಟದ್ದು, ಇವೆಲ್ಲ ಉಳಿದಿವೆ. ಕಥೆಯ ಕಣ್ಣು ಹೊಡೆದವನ ಮೇಲಿಲ್ಲ, ಬಿದ್ದವನ ಮೇಲಿದೆ. ವೈದ್ಯರಾದವರು ಅಪರಾಧದ ಕಥೆ ಬರೆದರೆ ಈ ಕಣ್ಣು ಅವರಿಗೆ ಸಹಜವಾಗಿ ಇರಬೇಕೆಂಬುದು ನನ್ನ ಎಣಿಕೆ. ಸಾಮಾನ್ಯ ರಹಸ್ಯ ಕಾದಂಬರಿಯಲ್ಲಿ ಶವವೆಂಬುದು ಬರಿಯ ಒಗಟು. ಶಸ್ತ್ರವೈದ್ಯನಿಗೆ ಹಾಗಾಗದು, ಕೋಣೆಯ ಹೊರಗೆ ಕಾದು ನಿಂತ ಬಂಧುಗಳ ಮುಖ ಅವನಿಗೆ ಗೊತ್ತು.

ಈ ಹಾದಿಯಲ್ಲಿ ಹಿರಿಯರಿದ್ದಾರೆ. ಷೆರ್ಲಾಕ್ ಹೋಮ್ಸನನ್ನು 1887ರಲ್ಲಿ ಲೋಕಕ್ಕೆ ಪರಿಚಯಿಸಿದ ಆರ್ಥರ್ ಕಾನನ್ ಡಾಯ್ಲ್ ಜೆಸ್ವಿತರ ಶಾಲೆಯಲ್ಲಿ ಕಲಿತು, ಎಡಿನ್‌ಬರೋದಲ್ಲಿ ವೈದ್ಯರಾದವರು. ರೋಗಿಯನ್ನು ಕಂಡೊಡನೆ ಅವನ ಕಸುಬನ್ನೂ ಬಂದ ದಾರಿಯನ್ನೂ ಊಹಿಸುತ್ತಿದ್ದ ಅವರ ಗುರು ಜೋಸೆಫ್ ಬೆಲ್ ಎಂಬ ಶಸ್ತ್ರವೈದ್ಯರೇ ಹೋಮ್ಸನಿಗೆ ಮಾದರಿ. ಅಮೆರಿಕದ ನೇತ್ರವೈದ್ಯ ರಾಬಿನ್ ಕುಕ್ 1977ರಲ್ಲಿ ಪ್ರಕಟಿಸಿದ 'ಕೋಮಾ' ಕಾದಂಬರಿಯಲ್ಲಿ, ಸಣ್ಣ ಶಸ್ತ್ರಚಿಕಿತ್ಸೆಗೆಂದು ಬಂದವರು ಮತ್ತೆ ಎಚ್ಚರಗೊಳ್ಳುವುದಿಲ್ಲ; ಅವರ ಅಂಗಾಂಗಗಳು ಮಾರಾಟಕ್ಕೆ ಹೋಗುತ್ತವೆ. ಅಲ್ಲಿ ಭಯ ಹುಟ್ಟಿಸುವುದು ಚೂರಿಯಲ್ಲ, ಮುರಿದ ನಂಬಿಕೆ.

ನಮ್ಮ ನಾಡಿನಲ್ಲಿ ಕೊಡಗಿನ ಕಾವೇರಿ ನಂಬೀಸನ್ ಬೆಂಗಳೂರಿನಲ್ಲಿ ನಮ್ಮ ಸಭೆಯೇ ಸ್ಥಾಪಿಸಿದ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಓದಿ, ಗ್ರಾಮಾಂತರದ ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆ ನಡೆಸುತ್ತಲೇ ಇಂಗ್ಲಿಷಿನಲ್ಲಿ ಕಾದಂಬರಿಗಳನ್ನು ಬರೆದವರು. ಅವರದು ಪತ್ತೇದಾರಿಯಲ್ಲ, ಅವರು ನಿವೃತ್ತಿಗಾಗಿ ಕಾದವರೂ ಅಲ್ಲ. ಕನ್ನಡದ ರೋಚಕ ಕಾದಂಬರಿಗೆ ಇತಿಹಾಸದ ಶೋಧನೆಯನ್ನು ಬೆಸೆದ ಕೆ. ಎನ್. ಗಣೇಶಯ್ಯನವರಾದರೋ ಕೃಷಿ ವಿಜ್ಞಾನಿಗಳು. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಗುರುಮಠದಲ್ಲಿ ಕದ್ದು ಓದಿದವನು ನಾನು; ಇದನ್ನು ಎಂದೋ ನಿವೇದಿಸಿಕೊಂಡಾಗಿದೆ. ಗುರುಗಳಿಗೂ ಈ ಚಪಲ ಹೊಸದಲ್ಲ. ಬೈಬಲನ್ನು ಇಂಗ್ಲಿಷಿಗೆ ಭಾಷಾಂತರಿಸಿದ ರೊನಾಲ್ಡ್ ನಾಕ್ಸರು 1929ರಲ್ಲಿ ಪತ್ತೇದಾರಿ ಕಥೆಗೆ ಹತ್ತು ಆಜ್ಞೆಗಳನ್ನೇ ವಿಧಿಸಿದರು.

ಹಸ್ತಪ್ರತಿಯನ್ನು ಎರಡು ರಾತ್ರಿ ಓದಿದೆ. ಚೆನ್ನಾಗಿತ್ತು. ಒಂದು ಅಧ್ಯಾಯದಲ್ಲಿ ಮಾತ್ರ ತಡೆದು ನಿಂತೆ. ಬಿದ್ದು ಪೆಟ್ಟಾಯಿತೆಂದು ಹೇಳಿಕೊಂಡು ಬಂದ ಗಾಯ, ಬಿದ್ದು ಆದದ್ದಲ್ಲವೆಂದು ಅಲ್ಲಿನ ವೈದ್ಯನಿಗೆ ತಿಳಿಯುತ್ತದೆ, ಅವನು ಸುಮ್ಮನಿರುತ್ತಾನೆ. ಇಷ್ಟನ್ನು ಹೇಳಲು ಮಿತ್ರರ ಒಪ್ಪಿಗೆ ಪಡೆದಿದ್ದೇನೆ, ಇದಕ್ಕಿಂತ ಹೆಚ್ಚು ಹೇಳಲಾರೆ. "ಇದು ಕಲ್ಪನೆಯೇ, ಡಾಕ್ಟರೇ?" ಎಂದೆ. ಅವರು ಉತ್ತರಿಸಲಿಲ್ಲ. "ಹೆಸರು, ಊರು ಎಲ್ಲ ಬದಲಿಸಿದ್ದೇನೆ" ಎಂದರು.

ಹಳ್ಳಿಗಳಲ್ಲಿ ಹೆಸರು ಬದಲಿಸಿದರೆ ಮುಚ್ಚಿಟ್ಟಂತಾಗದು. ಓದಿದವರು ಮೂರನೆಯ ಸಾಲಿಗೇ ಮನೆಯನ್ನು ಗುರುತಿಸುತ್ತಾರೆ. ಪಾಪನಿವೇದನೆಯಲ್ಲಿ ಕೇಳಿದ್ದನ್ನು ನಾನು ಪ್ರಾಣ ಹೋದರೂ ಹೊರಗೆಡವುವಂತಿಲ್ಲ. ರೋಗಿಯ ಹಾಸಿಗೆಯ ಬಳಿ ಕೇಳಿದ್ದಕ್ಕೂ ಅಂತಹುದೇ ಒಂದು ಮುದ್ರೆ ಇದೆ. "ಅವಳ ಗಾಯ ಅವಳದು, ನಿಮ್ಮ ಮೌನ ನಿಮ್ಮದು, ನಿಮ್ಮದನ್ನು ಬರೆಯಲು ಯಾರ ಅಪ್ಪಣೆಯೂ ಬೇಡ" ಎಂದೆ. ಬಹಳ ಹೊತ್ತು ಕುಳಿತಿದ್ದು, ಕಾಫಿಯನ್ನೂ ಮುಟ್ಟದೆ, ಕಟ್ಟನ್ನು ಎತ್ತಿಕೊಂಡು ಹೊರಟರು. ನೋಯಿಸಿಬಿಟ್ಟೆನೆಂದು ನನಗೆ ನಿದ್ದೆ ಬರಲಿಲ್ಲ.

ಕಳೆದ ತಿಂಗಳು ಮತ್ತೆ ಬಂದಿದ್ದರು. ಆ ಅಧ್ಯಾಯ ಹೋಗಿದೆ. ಅದರ ಸ್ಥಳದಲ್ಲಿ ವೃದ್ಧ ವೈದ್ಯನೊಬ್ಬನು ಪತ್ತೇದಾರನ ಎದುರು ಕುಳಿತು, ತಾನು ಒಮ್ಮೆ ಬಾಯಿ ಬಿಡದೆ ಹೋದದ್ದನ್ನು ಹೇಳಲು ತೊಡಗುತ್ತಾನೆ. ಮುಂದಿನದನ್ನು ಇನ್ನೂ ಬರೆದಿಲ್ಲವಂತೆ. ಕೊಲೆಗಾರ ಯಾರೆಂದು ಕೇಳಿದರೆ, "ನೀವೂ ಕಾಯಬೇಕು, ಫಾದರ್" ಎಂದರು.