ಒಂಟಿಗೈ ವೀರನೂ ಮೂವತ್ತಾರನೆಯ ಕೋಣೆಯೂ

(ಹಲಸೂರಿನಲ್ಲಿ ಕಾರ್ಮಿಕರ ಮತ್ತು ಅಂಗಡಿಕಾರರ ಸಭೆಯಲ್ಲಿ ಮಾಡಿದ ಭಾಷಣ)

ಚೀನೀ ಕತ್ತಿವರಸೆಯ ಚಿತ್ರಗಳೆಂದರೆ ಹುಡುಗರ ಹುಚ್ಚು ಎನ್ನುವವರುಂಟು. ಮೇಷ್ಟ್ರಾಗಿದ್ದಾಗ ನಾನೂ ಹಾಗೆಂದು ಗದರಿಸಿದವನೇ. ಆ ಮಾತನ್ನು ಇಂದು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ.

ಶಿವಾಜಿನಗರದಿಂದ ಹಲಸೂರಿನವರೆಗೆ ನಮ್ಮ ದಂಡು ಪ್ರದೇಶದ ಒಂದೊಂದು ಬೀದಿಯಲ್ಲೂ ಕನ್ನಡ, ತಮಿಳು, ಉರ್ದು, ತೆಲುಗು ಬೆರೆತಿವೆ. ಈಗ ಇಲ್ಲವಾಗಿರುವ ಪ್ಲಾಜಾ, ಲಿಡೋ ಟಾಕೀಸುಗಳಲ್ಲಿ ಇಂಗ್ಲಿಷು ಬಾರದವರೂ ಇಂಗ್ಲಿಷು ಚಿತ್ರ ನೋಡುತ್ತಿದ್ದರು. ಹೊಡೆದಾಟಕ್ಕೆ ದುಭಾಷಿ ಬೇಕಿಲ್ಲ, ನಿಜ. ಆದರೆ ಬರೀ ಹೊಡೆದಾಟಕ್ಕಾದರೆ ನಮ್ಮ ಗರಡಿ ಮನೆ ಸಾಲದೇ?

ಹಾಂಗ್‌ಕಾಂಗಿನ ಷಾ ಬ್ರದರ್ಸ್ ಕಂಪನಿ 1967ರಲ್ಲಿ ‘ಒನ್ ಆರ್ಮ್ಡ್ ಸ್ವೋರ್ಡ್ಸ್‌ಮನ್’ ಚಿತ್ರ ತೆಗೆಯಿತು. ನಿರ್ದೇಶಕ ಚಾಂಗ್ ಚೆ. ಅದರ ನಾಯಕ ಆಳಿನ ಮಗ. ಗುರುವಿನ ಪ್ರಾಣ ಉಳಿಸಲು ಅಪ್ಪ ಸತ್ತ. ಮಗನಿಗೆ ಗುರುಮನೆಯಲ್ಲಿ ಸಿಕ್ಕಿದ್ದು ಸಿರಿವಂತ ಶಿಷ್ಯರ ಹೀಯಾಳಿಕೆ. ಗುರುವಿನ ಮಗಳ ಕತ್ತಿಗೆ ಬಲಗೈಯೂ ಹೋಯಿತು. ಅರ್ಧ ಸುಟ್ಟ ಪುಸ್ತಕ, ಅಪ್ಪನ ಮುರಿದ ಕತ್ತಿ, ಇವೆರಡನ್ನೇ ನಂಬಿ ಎಡಗೈಯನ್ನು ಪಳಗಿಸಿದ.

ಕೆ.ಆರ್. ಪುರದಲ್ಲಿ ನನ್ನ ಗೆಳೆಯನೊಬ್ಬನಿದ್ದಾನೆ. ಬಲಗೈಯ ಬೆರಳುಗಳನ್ನು ಯಂತ್ರಕ್ಕೆ ಕೊಟ್ಟವನು. ಈ ಚಿತ್ರವನ್ನು ಇಬ್ಬರೂ ಕೂಡಿ ನೋಡಿದೆವು. ಕಾಳಗ ನಡೆದಾಗ ಅವನು ಸುಮ್ಮನಿದ್ದ. ಎಡಗೈಯ ಅಭ್ಯಾಸ ಬಂದಾಗ ಮುಂದಕ್ಕೆ ಬಾಗಿ ಕುಳಿತ. “ಮೇಷ್ಟ್ರೇ, ಎಡಗೈಲಿ ಬೀಗ ತೆಗೆಯೋದು ಕಲಿಯೋಕೆ ನನಗೆ ಮೂರು ತಿಂಗಳು ಹಿಡೀತು” ಎಂದ. ದುಡಿಯುವವನಿಗೆ ಈ ಚಿತ್ರಗಳು ಏಕೆ ಹಿಡಿಸುತ್ತವೆಂದು ನನಗೆ ಅಂದು ತಿಳಿಯಿತು. ಬಂಡವಾಳವಿಲ್ಲದವನಿಗೆ ಮೈಯೇ ಬಂಡವಾಳ. ಆ ಮೈ ಬೆವರಿನಿಂದ ವಿದ್ಯೆ ಗಳಿಸುವುದನ್ನು ಅವನು ಅಲ್ಲಿ ಕಾಣುತ್ತಾನೆ.

ಆದರೆ ಆ ವೀರ ಒಬ್ಬಂಟಿ. ಕೊನೆಗೆ ಕತ್ತಿ ಬಿಟ್ಟು ಬೇಸಾಯಕ್ಕೆ ಹೋದ. ವಿದ್ಯೆಯೂ ಅವನೊಡನೆ ಹೋಯಿತು. 1978ರಲ್ಲಿ ಲಾವ್ ಕಾರ್ ಲ್ಯೂಂಗ್ ನಿರ್ದೇಶಿಸಿದ ‘36ತ್ ಚೇಂಬರ್ ಆಫ್ ಷಾವೊಲಿನ್’ ಇನ್ನೊಂದು ಹೆಜ್ಜೆ ಮುಂದಿಟ್ಟಿತು. ಮಂಚು ಅಧಿಕಾರಿಗಳ ದಬ್ಬಾಳಿಕೆಯಲ್ಲಿ ತನ್ನವರನ್ನು ಕಳೆದುಕೊಂಡ ಯುವಕ ಮಠ ಸೇರುತ್ತಾನೆ. ತೋಳಿಗೆ ಚೂರಿ ಕಟ್ಟಿಕೊಂಡು ನೀರು ಹೊರುತ್ತಾನೆ. ತೋಳು ಇಳಿದರೆ ಪಕ್ಕೆಗೆ ಚುಚ್ಚುತ್ತದೆ. 35 ಕೋಣೆಗಳ ಶಿಕ್ಷಣ ಮುಗಿಸಿ ಅವನು ಕೇಳುವುದು ಒಂದೇ: ಹೊರಗಿನ ಸಾಮಾನ್ಯ ಜನಕ್ಕೆ ಈ ವಿದ್ಯೆ ಕಲಿಸಲು ಇನ್ನೊಂದು ಕೋಣೆ.

ಬಂಧುಗಳೇ, ಕೆಲಸದ ಗುಟ್ಟನ್ನು ಹುಡುಗರಿಂದ ಮುಚ್ಚಿಡುವ ಹಿರಿಯ ಕೆಲಸಗಾರರೂ, ಅಂಗಡಿಯ ಹುಡುಗನಿಗೆ ಲೆಕ್ಕ ಕಲಿಸದ ಯಜಮಾನರೂ ಈ ಸಭೆಯಲ್ಲಿದ್ದೀರಿ. ಪರದೆಯ ಮುಂದೆ ಚಪ್ಪಾಳೆ ತಟ್ಟಿದ ಕೈ ನಾಳೆ ಬೆಳಿಗ್ಗೆ ಒಬ್ಬ ಹುಡುಗನಿಗೆ ಒಂದು ಕೆಲಸ ಕಲಿಸಲಿ. ಮೂವತ್ತಾರನೆಯ ಕೋಣೆಯ ಬಾಗಿಲು ತೆರೆಯುವುದು ಹಾಗೆ.